ಮನೆ ಪೆನ್ಸಿಲ್ವೇನಿಯಾ, ಆಫೀಸು ನ್ಯೂಜೆರ್ಸಿ: ಬೇರೆ ರಾಜ್ಯಕ್ಕೆ ಹೋದ ತೆರಿಗೆ ವಾಪಸ್ ಪಡೆಯುವುದು ಹೇಗೆ?

ಪ್ರಶ್ನೆ: ನಾವು ಹಾಸನ ಕಡೆಯವರು. ಎಚ್-1ಬಿ ವೀಸಾದಲ್ಲಿ ಅಮೆರಿಕಕ್ಕೆ ಬಂದು ನಾಲ್ಕು ವರ್ಷ ದಾಟಿದೆ. 2024ರ ಡಿಸೆಂಬರ್ 1ರಂದು ನ್ಯೂಜೆರ್ಸಿಯ ಬಾಡಿಗೆ ಮನೆ ಬಿಟ್ಟು ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿಗೆ ಬಂದೆವು. ಆಫೀಸು ಈಗಲೂ ಪ್ರಿನ್ಸ್‌ಟನ್ ಹತ್ತಿರವೇ. 2025ರ ನನ್ನ ಡಬ್ಲ್ಯೂ-2ನಲ್ಲಿ (ಕಂಪನಿ ಕೊಡುವ ವಾರ್ಷಿಕ ಸಂಬಳ ಮತ್ತು ತೆರಿಗೆ ಕಡಿತದ ಪತ್ರ) ನ್ಯೂಜೆರ್ಸಿ ಹೆಸರಿನಲ್ಲಿ 4,638 ಡಾಲರ್ ಕಡಿತವಾಗಿದೆ, ಪೆನ್ಸಿಲ್ವೇನಿಯಾಕ್ಕೆ ಏನೂ ಇಲ್ಲ. ಹೆಂಡತಿಗೆ ಇಲ್ಲಿ ಸಂಪಾದನೆ ಇಲ್ಲ, ಜಂಟಿಯಾಗಿ ಫೈಲ್ ಮಾಡುತ್ತೇವೆ. ಸಾಫ್ಟ್‌ವೇರ್‌ನಲ್ಲಿ ಎಲ್ಲ ತುಂಬಿದರೆ ನ್ಯೂಜೆರ್ಸಿಯಿಂದ 1,777 ಡಾಲರ್ ರಿಫಂಡ್, ಪೆನ್ಸಿಲ್ವೇನಿಯಾಕ್ಕೆ 424 ಡಾಲರ್ ಬಾಕಿ ಎಂದು ತೋರಿಸುತ್ತಿದೆ. ಸಹೋದ್ಯೋಗಿಯೊಬ್ಬರು ‘ಪೂರ್ತಿ 4,638 ವಾಪಸ್ ಬರಬೇಕು, ಸಾಫ್ಟ್‌ವೇರ್ ತಪ್ಪು’ ಅನ್ನುತ್ತಾರೆ. ಇನ್ನೊಬ್ಬರು ‘ಅಷ್ಟು ದೊಡ್ಡ ರಿಫಂಡ್ ಕೇಳಬೇಡ, ಗ್ರೀನ್ ಕಾರ್ಡ್‌ಗೆ ತೊಂದರೆ’ ಅಂತ ಹೆದರಿಸುತ್ತಾರೆ. ಕಂಪನಿಯಿಂದ ಡಬ್ಲ್ಯೂ-2 ತಿದ್ದಿಸಬೇಕೆ? ಯಾವುದು ಸರಿ?

ಉತ್ತರ: ಪೂರ್ತಿ 4,638 ಡಾಲರ್ ನಿಮಗೆ ಸಲ್ಲಬೇಕಾದದ್ದೇ. ಈ ಮಾತಿನಲ್ಲಿ ಮೊದಲ ಸಹೋದ್ಯೋಗಿ ಸರಿ. ಆದರೆ ಅಷ್ಟೂ ಹಣ ನಿಮ್ಮ ಜೇಬಿನಲ್ಲಿ ಉಳಿಯುವುದಿಲ್ಲ. ಬಹುಪಾಲು ಪೆನ್ಸಿಲ್ವೇನಿಯಾಕ್ಕೂ ನಿಮ್ಮ ಟೌನ್‌ಶಿಪ್‌ಗೂ ಹೋಗಬೇಕು. ಸಾಫ್ಟ್‌ವೇರ್ ಈಗ ತೋರಿಸುತ್ತಿರುವ ಲೆಕ್ಕವನ್ನು ಹಾಗೆಯೇ ಸಲ್ಲಿಸಿದರೆ ಇವತ್ತು ಏನೂ ಆಗುವುದಿಲ್ಲ, ಕೆಲವು ತಿಂಗಳಾದ ಮೇಲೆ ಪೆನ್ಸಿಲ್ವೇನಿಯಾದಿಂದ ಸುಮಾರು 2,861 ಡಾಲರ್ ಕಟ್ಟಿ ಎಂಬ ಪತ್ರ ಬರಬಹುದು. ಹಾಗೇಕೆ ಎಂದು ಮೊದಲು ಹೇಳುತ್ತೇನೆ.

ಸಾಮಾನ್ಯವಾಗಿ ಒಂದು ರಾಜ್ಯದಲ್ಲಿ ವಾಸ, ಇನ್ನೊಂದರಲ್ಲಿ ಕೆಲಸ ಇದ್ದರೆ ಕೆಲಸದ ರಾಜ್ಯ ಮೊದಲು ತೆರಿಗೆ ಹಾಕುತ್ತದೆ, ವಾಸದ ರಾಜ್ಯ ಅದಕ್ಕೆ ಕ್ರೆಡಿಟ್ ಕೊಡುತ್ತದೆ, ಅಂದರೆ ತನ್ನ ತೆರಿಗೆಯಲ್ಲಿ ಅದನ್ನು ಕಳೆಯುತ್ತದೆ. ನ್ಯೂಜೆರ್ಸಿ–ಪೆನ್ಸಿಲ್ವೇನಿಯಾ ನಡುವೆ ಈ ಕ್ರಮ ಇಲ್ಲ. ಎರಡು ರಾಜ್ಯಗಳ ನಡುವೆ ಪರಸ್ಪರ ಒಪ್ಪಂದವಿದೆ: ಸಂಬಳಕ್ಕೆ ತೆರಿಗೆ ಹಾಕುವುದು ವಾಸದ ರಾಜ್ಯ ಮಾತ್ರ. ಇಂಡಿಯಾನಾ, ಮೇರಿಲ್ಯಾಂಡ್, ಓಹಾಯೊ, ವರ್ಜೀನಿಯಾ, ವೆಸ್ಟ್ ವರ್ಜೀನಿಯಾಗಳ ಜೊತೆಗೂ ಪೆನ್ಸಿಲ್ವೇನಿಯಾಕ್ಕೆ ಇಂಥದೇ ಒಪ್ಪಂದ ಉಂಟು. ಹಾಗಾಗಿ ನಿಮ್ಮ ಸಂಬಳದ ಮೇಲೆ ನ್ಯೂಜೆರ್ಸಿಗೆ ಹಕ್ಕೇ ಇಲ್ಲ, ಹಕ್ಕಿಲ್ಲದ ರಾಜ್ಯಕ್ಕೆ ಕಟ್ಟಿದ ತೆರಿಗೆಗೆ ಪೆನ್ಸಿಲ್ವೇನಿಯಾ ಕ್ರೆಡಿಟ್ ಕೊಡುವುದೂ ಇಲ್ಲ. ಈ ಒಪ್ಪಂದ ಸಂಬಳಕ್ಕೆ ಮಾತ್ರ. ನ್ಯೂಜೆರ್ಸಿಯಲ್ಲಿ ಮನೆ ಬಾಡಿಗೆಗೆ ಕೊಟ್ಟಿದ್ದರೆ, ಅಲ್ಲಿ ಸ್ವಂತ ವ್ಯವಹಾರ ಇದ್ದರೆ, ಆ ಆದಾಯಕ್ಕೆ ನ್ಯೂಜೆರ್ಸಿ ತೆರಿಗೆ ಹಾಕಿಯೇ ಹಾಕುತ್ತದೆ.

ಕಡಿತ ಯಾಕಾಯಿತು? ಪೆನ್ಸಿಲ್ವೇನಿಯಾ ನಿವಾಸಿ ಎಂದು ಘೋಷಿಸುವ ಎನ್‌ಜೆ-165 ಎಂಬ ನಮೂನೆಯನ್ನು ನೌಕರರೇ ಪೇರೋಲ್‌ಗೆ ಕೊಡಬೇಕು. ಎಚ್‌ಆರ್ ಪೋರ್ಟಲ್‌ನಲ್ಲಿ ವಿಳಾಸ ಬದಲಿಸಿದರೆ ಸಾಕು ಎಂದು ಬಹಳ ಜನ ತಿಳಿದಿರುತ್ತಾರೆ, ಎಷ್ಟೋ ಕಂಪನಿಗಳಲ್ಲಿ ಅದು ಸಾಲದು. ಡಬ್ಲ್ಯೂ-2 ತಿದ್ದಿಸುವ ಅಗತ್ಯವಂತೂ ಇಲ್ಲ. ಕಂಪನಿ ಆ ಹಣವನ್ನು ನಿಜವಾಗಿಯೇ ನ್ಯೂಜೆರ್ಸಿಗೆ ಕಟ್ಟಿದೆ, ಡಬ್ಲ್ಯೂ-2 ಅದನ್ನೇ ಹೇಳುತ್ತಿದೆ. ವರ್ಷ ಮುಗಿದ ಮೇಲೆ ಹಣ ಬಿಡಿಸಿಕೊಳ್ಳುವ ದಾರಿ ಒಂದೇ: ಎನ್‌ಜೆ-1040ಎನ್‌ಆರ್ ಎಂಬ ಅನಿವಾಸಿ ರಿಟರ್ನ್.

ಈಗ ನಿಮ್ಮ ಪರದೆಯ ಅಂಕಿಗಳಿಗೆ ಬರೋಣ. ನೀವು ಕಳಿಸಿದ ಡಬ್ಲ್ಯೂ-2 ಪ್ರಕಾರ ವಾರ್ಷಿಕ ಸಂಬಳ 1,10,000 ಡಾಲರ್. ಅದರಲ್ಲಿ 6,000 ಡಾಲರ್ 401(ಕೆ) ಎಂಬ ನಿವೃತ್ತಿ ಉಳಿತಾಯಕ್ಕೆ, 3,000 ಡಾಲರ್ ತೆರಿಗೆಗೆ ಮುಂಚೆ ಕಡಿತವಾಗುವ ಆರೋಗ್ಯ ವಿಮೆಗೆ ಹೋಗಿದೆ. ಒಂದೇ ಸಂಬಳ, ಆದರೆ ಡಬ್ಲ್ಯೂ-2ನಲ್ಲಿ ಮೂರು ಮೊತ್ತ. ಬಾಕ್ಸ್ 1ರಲ್ಲಿ ಎರಡೂ ಕಳೆದು 1,01,000. ಬಾಕ್ಸ್ 16ರಲ್ಲಿ, ಅಂದರೆ ನ್ಯೂಜೆರ್ಸಿ ಸಂಬಳದಲ್ಲಿ, 1,04,000. ಆ ರಾಜ್ಯ 401(ಕೆ) ಬಿಡುತ್ತದೆ, ವಿಮೆಯ ಕಡಿತವನ್ನು ಒಪ್ಪುವುದಿಲ್ಲ. ಬಾಕ್ಸ್ 5ರಲ್ಲಿ, ಮೆಡಿಕೇರ್ ಸಂಬಳ, 1,07,000. ಪೆನ್ಸಿಲ್ವೇನಿಯಾ ನ್ಯೂಜೆರ್ಸಿಗೆ ತದ್ವಿರುದ್ಧ: ವಿಮೆಯನ್ನು ಬಿಡುತ್ತದೆ, 401(ಕೆ) ಒಪ್ಪುವುದಿಲ್ಲ. ಆದ್ದರಿಂದ ಪೆನ್ಸಿಲ್ವೇನಿಯಾದ ಲೆಕ್ಕಕ್ಕೆ ನಿಮ್ಮ ಸಂಬಳ ಬಾಕ್ಸ್ 5ರ 1,07,000.

ಸಾಫ್ಟ್‌ವೇರ್ ಮಾಡಿರುವುದು ಇಷ್ಟು. 1,04,000ದಲ್ಲಿ ಇಬ್ಬರಿಗೆ ತಲಾ 1,000 ವಿನಾಯಿತಿ ಕಳೆದು, ಉಳಿದ 1,02,000ಕ್ಕೆ ಜಂಟಿ ರಿಟರ್ನ್‌ನ ದರದಲ್ಲಿ 2,861 ಡಾಲರ್ ನ್ಯೂಜೆರ್ಸಿ ತೆರಿಗೆ ಹಾಕಿದೆ. ಕಡಿತವಾದ 4,638ರಲ್ಲಿ ಅದನ್ನು ಕಳೆದರೆ ನಿಮಗೆ ಕಂಡ 1,777. ಆಮೇಲೆ ಪೆನ್ಸಿಲ್ವೇನಿಯಾದ 3.07 ಶೇಕಡಾ ತೆರಿಗೆ 3,285 ಡಾಲರ್ ಲೆಕ್ಕ ಹಾಕಿ, ಅದರಿಂದ ನ್ಯೂಜೆರ್ಸಿಗೆ ‘ಕಟ್ಟಿದ’ 2,861ನ್ನು ಕ್ರೆಡಿಟ್ ಎಂದು ಕಳೆದು 424 ಬಾಕಿ ತೋರಿಸಿದೆ. ನ್ಯೂಯಾರ್ಕ್–ನ್ಯೂಜೆರ್ಸಿ ಆಗಿದ್ದರೆ ಈ ವಿಧಾನವೇ ಸರಿ. ಇಲ್ಲಿ ಎರಡು ಕಡೆಯೂ ತಪ್ಪು.

ಸರಿಯಾದ ಲೆಕ್ಕ ಹೀಗೆ: ನ್ಯೂಜೆರ್ಸಿ ತೆರಿಗೆ ಸೊನ್ನೆ, ರಿಫಂಡ್ 4,638. ಪೆನ್ಸಿಲ್ವೇನಿಯಾ ತೆರಿಗೆ 3,285, ಕ್ರೆಡಿಟ್ ಸೊನ್ನೆ, ಬಾಕಿ 3,285. ಕೂಡಿ ಕಳೆದು ನೋಡಿದರೆ ಎರಡೂ ವಿಧಾನದಲ್ಲಿ ಉಳಿಯುವುದು ಅದೇ 1,353 ಡಾಲರ್! ಕೊನೆಗೆ ಒಂದೇ ಮೊತ್ತ ಬರುತ್ತದಲ್ಲ, ತಲೆಬಿಸಿ ಯಾಕೆ ಎಂದು ಬಿಟ್ಟುಬಿಡುವವರು ಸಿಕ್ಕಿಬೀಳುವುದು ಇಲ್ಲೇ. ಎರಡು ರಾಜ್ಯಗಳು ತಮ್ಮೊಳಗೆ ನಿಮ್ಮ ಹಣ ವರ್ಗಾಯಿಸಿಕೊಳ್ಳುವುದಿಲ್ಲ. ಪೆನ್ಸಿಲ್ವೇನಿಯಾ ಕ್ರೆಡಿಟ್ ತಿರಸ್ಕರಿಸಿ 2,861ನ್ನು ಬಡ್ಡಿ ಸಮೇತ ಕೇಳುತ್ತದೆ. ಅಷ್ಟರಲ್ಲಿ ನ್ಯೂಜೆರ್ಸಿ ರಿಟರ್ನ್ ಮುಗಿದ ಕಥೆ ಆಗಿರುತ್ತದೆ, ಅದೇ 2,861 ವಾಪಸ್ ಪಡೆಯಲು ಅಲ್ಲಿ ತಿದ್ದುಪಡಿ ರಿಟರ್ನ್ ಹಾಕಬೇಕು. ಪತ್ರ ತಡವಾಗಿ ಬಂದು ರಿಫಂಡ್ ಕೇಳುವ ಗಡುವು, ಸಾಮಾನ್ಯವಾಗಿ 3 ವರ್ಷ, ದಾಟಿಹೋದರೆ ಒಂದೇ ಸಂಬಳಕ್ಕೆ ಎರಡು ಸಲ ತೆರಿಗೆ ಕಟ್ಟಿದ ಹಾಗಾಯಿತು.

ಇನ್ನೊಂದು ಬಾಬತ್ತು ಸಾಫ್ಟ್‌ವೇರ್ ಪರದೆಯಲ್ಲಿ ಕಾಣುವುದೇ ಇಲ್ಲ. ಪೆನ್ಸಿಲ್ವೇನಿಯಾದ ಬಹುಪಾಲು ಊರುಗಳಲ್ಲಿ ಮುನಿಸಿಪಾಲಿಟಿ ಮತ್ತು ಶಾಲಾ ಜಿಲ್ಲೆ ಸೇರಿ ದುಡಿಮೆಯ ಆದಾಯದ ಮೇಲೆ ಸ್ಥಳೀಯ ತೆರಿಗೆ ಹಾಕುತ್ತವೆ. ಎಷ್ಟೋ ಕಡೆ ಅದು 1 ಶೇಕಡಾ. ನಿಮ್ಮ ಟೌನ್‌ಶಿಪ್‌ನಲ್ಲೂ ಅಷ್ಟೇ ಇದ್ದರೆ 1,070 ಡಾಲರ್. ಪೆನ್ಸಿಲ್ವೇನಿಯಾದೊಳಗಿನ ಕಂಪನಿಯಾಗಿದ್ದರೆ ಸಂಬಳದಲ್ಲೇ ಹಿಡಿಯುತ್ತಿತ್ತು, ನ್ಯೂಜೆರ್ಸಿ ಕಂಪನಿಗೆ ಆ ಹೊಣೆ ಇಲ್ಲ. ಇದರ ರಿಟರ್ನ್ ರಾಜ್ಯದ ರಿಟರ್ನ್ ಜೊತೆ ಹೋಗುವುದಿಲ್ಲ. ನಿಮ್ಮ ಪ್ರದೇಶದ ತೆರಿಗೆ ಸಂಗ್ರಹಕ್ಕೆ ನೇಮಕವಾದ ಸಂಸ್ಥೆಗೆ ಪ್ರತ್ಯೇಕವಾಗಿ, ಅದೇ ಏಪ್ರಿಲ್ 15ರೊಳಗೆ ಸಲ್ಲಿಸಬೇಕು. ಎಲ್ಲ ಕಳೆದ ಮೇಲೆ ಕೈಗೆ ಉಳಿಯುವುದು ಸುಮಾರು 283 ಡಾಲರ್. 4,638 ಬರುತ್ತದೆ ಎಂದು ಈಗಲೇ ಬೆಂಗಳೂರಿಗೆ ಟಿಕೆಟ್ ಮಾಡಿಸಬೇಡಿ ಎಂದು ಹೇಳುವುದು ಇದಕ್ಕೇ.

ಸಾಫ್ಟ್‌ವೇರ್‌ನಲ್ಲಿ ಎಲ್ಲೆಲ್ಲಿ ಕೈ ಹಾಕಬೇಕು ಎಂಬುದು ಮುಂದಿನ ವಿಷಯ. ಟರ್ಬೊಟ್ಯಾಕ್ಸ್, ಎಚ್ ಆಂಡ್ ಆರ್ ಬ್ಲಾಕ್, ಫ್ರೀಟ್ಯಾಕ್ಸ್‌ಯುಎಸ್‌ಎ, ಯಾವುದನ್ನೇ ಬಳಸಿ, ಪ್ರಶ್ನೆಗಳ ಪದಗಳು ಬೇರೆ ಇರಬಹುದು, ತಲುಪಬೇಕಾದ ಸಾಲುಗಳು ಅವೇ.

ವೈಯಕ್ತಿಕ ವಿವರದಲ್ಲಿ ಡಿಸೆಂಬರ್ 31ಕ್ಕೆ ವಾಸದ ರಾಜ್ಯ ಪೆನ್ಸಿಲ್ವೇನಿಯಾ ಎಂದು ಕೊಡಿ. ವರ್ಷದಲ್ಲಿ ಬೇರೆ ರಾಜ್ಯದಲ್ಲಿ ವಾಸವಿದ್ದಿರಾ ಎಂದರೆ ಇಲ್ಲ. ಬೇರೆ ರಾಜ್ಯದಲ್ಲಿ ದುಡಿದಿರಾ ಎಂದರೆ ಹೌದು, ನ್ಯೂಜೆರ್ಸಿ. ಡಬ್ಲ್ಯೂ-2ನ 15, 16, 17ನೇ ಬಾಕ್ಸ್‌ಗಳನ್ನು ಮುದ್ರಿತವಾದ ಹಾಗೆಯೇ ತುಂಬಿ. ‘ನಾನು ಪೆನ್ಸಿಲ್ವೇನಿಯಾದವನು ತಾನೆ’ ಎಂದು 15ನೇ ಬಾಕ್ಸ್‌ನಲ್ಲಿ ರಾಜ್ಯದ ಹೆಸರು ಬದಲಿಸುವವರಿದ್ದಾರೆ. ಹಾಗೆ ಮಾಡಿದರೆ ನ್ಯೂಜೆರ್ಸಿಗೆ ಹೋದ 4,638 ಡಾಲರನ್ನು ಪೆನ್ಸಿಲ್ವೇನಿಯಾಕ್ಕೆ ಹೋಯಿತು ಎಂದು ಹೇಳಿದಂತೆ. ಅಲ್ಲಿ ಆ ಹಣದ ದಾಖಲೆ ಇರುವುದಿಲ್ಲ, ರಿಟರ್ನ್ ನಿಂತುಬಿಡುತ್ತದೆ. ಒಂದೇ ಡಬ್ಲ್ಯೂ-2ನಲ್ಲಿ ಎರಡು ರಾಜ್ಯಗಳ ಸಾಲು ಇರುವವರು ಅದನ್ನು ಎರಡು ಡಬ್ಲ್ಯೂ-2 ಎಂದು ತುಂಬಬಾರದು, ಫೆಡರಲ್ ಸಂಬಳ ದುಪ್ಪಟ್ಟಾಗುತ್ತದೆ. ಒಂದೇ ಡಬ್ಲ್ಯೂ-2ನೊಳಗೆ ಇನ್ನೊಂದು ರಾಜ್ಯ ಸೇರಿಸುವ ಗುಂಡಿ ಇರುತ್ತದೆ.

ಫೆಡರಲ್ ಭಾಗ ಮುಗಿಸಿ, ಆಮೇಲೆ ಅನಿವಾಸಿ ರಾಜ್ಯವಾದ ನ್ಯೂಜೆರ್ಸಿ, ಕೊನೆಗೆ ಪೆನ್ಸಿಲ್ವೇನಿಯಾ. ನ್ಯೂಜೆರ್ಸಿ ಪ್ರಶ್ನೆಗಳಲ್ಲಿ ‘ಪೂರ್ಣ ವರ್ಷ ಅನಿವಾಸಿ’ ಆರಿಸಿ. ಪೆನ್ಸಿಲ್ವೇನಿಯಾ ನಿವಾಸಿಯೇ, ಪರಸ್ಪರ ಒಪ್ಪಂದ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಬಂದರೆ ಹೌದು ಎನ್ನಿ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಅಂಥ ಪ್ರಶ್ನೆ ಬರುವುದಿಲ್ಲ, ಆದಾಯ ಹಂಚುವ ಪುಟದಲ್ಲಿ ‘ನ್ಯೂಜೆರ್ಸಿ ಮೂಲದ ಸಂಬಳ’ ಎಂಬಲ್ಲಿ ನೀವೇ 0 ಬರೆಯಬೇಕು. ಶುಲ್ಕ ಕಟ್ಟಿದ ಮೇಲೆ, ಸಲ್ಲಿಸುವ ಗುಂಡಿ ಒತ್ತುವ ಮುಂಚೆ, ರಿಟರ್ನ್‌ನ ಪಿಡಿಎಫ್ ತೆರೆದು ಕಣ್ಣಾರೆ ನೋಡಿ. ಎನ್‌ಜೆ-1040ಎನ್‌ಆರ್‌ನ ಸಂಬಳದ ಸಾಲಿನಲ್ಲಿ ಎರಡು ಕಾಲಂ ಇರುತ್ತವೆ. ಎಲ್ಲ ಕಡೆಯ ಆದಾಯದ ಕಾಲಂ ಎ-ಯಲ್ಲಿ ಪೂರ್ತಿ ಸಂಬಳ, ನ್ಯೂಜೆರ್ಸಿ ಮೂಲದ ಕಾಲಂ ಬಿ-ಯಲ್ಲಿ ಸೊನ್ನೆ. ಈ ಸೊನ್ನೆ ಇಲ್ಲದಿದ್ದರೆ ಉಳಿದದ್ದೆಲ್ಲ ಚೆನ್ನಾಗಿ ಕಂಡರೂ ರಿಟರ್ನ್ ತಪ್ಪು. ವಿವರಣೆ ಸೇರಿಸಲು ಜಾಗವಿದ್ದರೆ, ‘2025 ಪೂರ್ತಿ ಪೆನ್ಸಿಲ್ವೇನಿಯಾ ನಿವಾಸಿ, ಪರಸ್ಪರ ಒಪ್ಪಂದದ ಪ್ರಕಾರ ಸಂಬಳಕ್ಕೆ ನ್ಯೂಜೆರ್ಸಿ ತೆರಿಗೆ ಇಲ್ಲ, ಉದ್ಯೋಗದಾತರು ಕಡಿತ ಮಾಡಿದ್ದಾರೆ’ ಎಂದು ಎರಡು ಸಾಲು ಇಂಗ್ಲಿಷ್‌ನಲ್ಲಿ ಬರೆದು ಸೇರಿಸಿ.

ಪೆನ್ಸಿಲ್ವೇನಿಯಾದ ರಿಟರ್ನ್ ಆದ ಪಿಎ-40ರಲ್ಲಿ ಎರಡು ಜಾಗ ನೋಡಿ. ಸಾಲು 1ಎ-ಯ ಸಂಬಳ 1,07,000 ಇದೆಯೇ? ಡಬ್ಲ್ಯೂ-2ನಲ್ಲಿ ಪೆನ್ಸಿಲ್ವೇನಿಯಾ ಸಾಲೇ ಇಲ್ಲದ ಕಾರಣ ಸಾಫ್ಟ್‌ವೇರ್ ಬಾಕ್ಸ್ 1 ಅಥವಾ 16ರ ಮೊತ್ತ ಎಳೆದುಕೊಂಡಿರಬಹುದು. ಎರಡನೆಯದು ಸಾಲು 22, ನಿವಾಸಿ ಕ್ರೆಡಿಟ್. ಅದು ಖಾಲಿ ಇರಬೇಕು, ಶೆಡ್ಯೂಲ್ ಜಿ-ಎಲ್ ಎಂಬ ಹಾಳೆ ರಿಟರ್ನ್‌ನಲ್ಲಿ ಇರಲೇಬಾರದು. ಇದ್ದರೆ ‘ಬೇರೆ ರಾಜ್ಯಕ್ಕೆ ಕಟ್ಟಿದ ತೆರಿಗೆ’ ಎಂಬ ವಿಭಾಗಕ್ಕೆ ಹೋಗಿ ನ್ಯೂಜೆರ್ಸಿಯನ್ನು ಅಳಿಸಿ.

ಡಬ್ಲ್ಯೂ-2ನ ಬಾಕ್ಸ್ 14ರಲ್ಲಿ ನಿರುದ್ಯೋಗ ವಿಮೆ, ಅಂಗವೈಕಲ್ಯ ವಿಮೆ, ಕುಟುಂಬ ರಜೆ ವಿಮೆ ಹೆಸರಿನ ಸಣ್ಣ ಕಡಿತಗಳೂ ಇರುತ್ತವೆ. ಇವು ಆದಾಯ ತೆರಿಗೆ ಅಲ್ಲ, ಕೆಲಸದ ರಾಜ್ಯಕ್ಕೆ ಸಲ್ಲುವಂಥವು. ಒಪ್ಪಂದದ ಹೆಸರಿನಲ್ಲಿ ವಾಪಸ್ ಬರುವುದಿಲ್ಲ.

ಹಣ ಹೊಂದಿಸುವ ವಿಷಯವನ್ನು ಮೊದಲೇ ಯೋಚಿಸಬೇಕು. ಪೆನ್ಸಿಲ್ವೇನಿಯಾದ 3,285 ಮತ್ತು ಸ್ಥಳೀಯ 1,070 ಎರಡನ್ನೂ 2026ರ ಏಪ್ರಿಲ್ 15ರೊಳಗೆ ಕಟ್ಟಬೇಕು. ನ್ಯೂಜೆರ್ಸಿ ಇ-ಫೈಲ್ ರಿಟರ್ನ್‌ಗೆ ಕನಿಷ್ಠ 4 ವಾರ, ಕಾಗದದಲ್ಲಿ ಕಳಿಸಿದರೆ ಕನಿಷ್ಠ 12 ವಾರ ಎನ್ನುತ್ತದೆ. ಕಡಿತವಾದದ್ದಷ್ಟೂ ವಾಪಸ್ ಕೇಳುವ ರಿಟರ್ನ್ ಪರಿಶೀಲನೆಗೆ ಹೋಗುವುದು ಸಾಮಾನ್ಯ, ಇನ್ನಷ್ಟು ತಡವಾಗಬಹುದು. ಆದ್ದರಿಂದ ಫೆಬ್ರುವರಿಯಲ್ಲೇ ರಿಟರ್ನ್ ಹಾಕಿ. ಪೆನ್ಸಿಲ್ವೇನಿಯಾ ಪಾವತಿಯನ್ನು ಬ್ಯಾಂಕ್ ಖಾತೆಯಿಂದ ಏಪ್ರಿಲ್ ಹೊತ್ತಿಗೆ ಹೋಗುವಂತೆ ದಿನ ನಿಗದಿ ಮಾಡಬಹುದು. ಅಷ್ಟಾದರೂ ಕೈಯಲ್ಲಿ ದುಡ್ಡಿಲ್ಲ ಎಂದರೆ ರಿಟರ್ನ್ ತಡ ಮಾಡಬೇಡಿ. ತಡವಾಗಿ ಸಲ್ಲಿಸಿದರೆ ಬಾಕಿಯ ಮೇಲೆ ತಿಂಗಳಿಗೆ 5 ಶೇಕಡಾದಂತೆ 25 ಶೇಕಡಾವರೆಗೆ ದಂಡ ಬೀಳುತ್ತದೆ. ಸಲ್ಲಿಸಿ, ಆಮೇಲೆ ಪೆನ್ಸಿಲ್ವೇನಿಯಾ ಕಂದಾಯ ಇಲಾಖೆಯ ಮೈಪಾತ್ ತಾಣದಲ್ಲಿ ಕಂತು ಕೇಳುವುದು ಮೇಲು. ವರ್ಷವಿಡೀ ಪೆನ್ಸಿಲ್ವೇನಿಯಾಕ್ಕೆ ಏನೂ ಕಟ್ಟದ ಕಾರಣ ಮುಂಗಡ ತೆರಿಗೆ ಕೊರತೆಯ ದಂಡವನ್ನು ಆರ್‌ಇವಿ-1630 ನಮೂನೆಯಲ್ಲಿ ಸಾಫ್ಟ್‌ವೇರ್ ಲೆಕ್ಕ ಹಾಕಬಹುದು. ಅದು ಬಡ್ಡಿಯಂತೆ ಲೆಕ್ಕವಾಗುವ ಮೊತ್ತ, ಗಾಬರಿಪಡುವಷ್ಟಿರುವುದಿಲ್ಲ.

ಸಾಫ್ಟ್‌ವೇರ್ ಶುಲ್ಕವನ್ನು ‘ರಿಫಂಡ್‌ನಿಂದಲೇ ಕಳೆದುಕೊಳ್ಳಿ’ ಎಂಬ ಆಯ್ಕೆ ಒತ್ತಬೇಡಿ. ಅದಕ್ಕೆ ಪ್ರತ್ಯೇಕ ಶುಲ್ಕವಿದೆ, ರಿಫಂಡ್ ಮೂರನೇ ಬ್ಯಾಂಕೊಂದರ ಮೂಲಕ ಸುತ್ತಿ ಬರುತ್ತದೆ, ಎಲ್ಲಾದರೂ ಸಿಕ್ಕಿಕೊಂಡರೆ ಯಾರನ್ನು ಕೇಳಬೇಕೆಂದೇ ಗೊತ್ತಾಗುವುದಿಲ್ಲ. ಕಾರ್ಡಿನಲ್ಲಿ ಕಟ್ಟಿ, ರಿಫಂಡ್ ನಿಮ್ಮ ಖಾತೆಗೇ ಬರಲಿ. ಎರಡು ರಾಜ್ಯಕ್ಕೆ ಎರಡು ಶುಲ್ಕ ಆಗುವುದರಿಂದ, ಫೆಡರಲ್ ಮತ್ತು ನ್ಯೂಜೆರ್ಸಿಯನ್ನು ಸಾಫ್ಟ್‌ವೇರ್‌ನಲ್ಲಿ ಮಾಡಿ ಪಿಎ-40ನ್ನು ಮೈಪಾತ್‌ನಲ್ಲಿ ಉಚಿತವಾಗಿ ನೀವೇ ತುಂಬುವುದೂ ಒಂದು ದಾರಿ. ಸಂಬಳ ಬಿಟ್ಟು ಬೇರೆ ಆದಾಯ ಹೆಚ್ಚಿಲ್ಲದ ನಿಮ್ಮಂಥವರಿಗೆ ಪಿಎ-40 ಚಿಕ್ಕದು. ಇದರಲ್ಲಿ ಇನ್ನೊಂದು ಲಾಭವೂ ಇದೆ: ಆ ಬೇಡದ ಕ್ರೆಡಿಟ್ ತಾನಾಗಿ ನುಸುಳುವ ಪ್ರಶ್ನೆ ಇರುವುದಿಲ್ಲ.

ಗ್ರೀನ್ ಕಾರ್ಡ್ ಭಯಕ್ಕೆ ಆಧಾರವಿಲ್ಲ. ನಿಮ್ಮ ಸಂಬಳದಿಂದ ಹೆಚ್ಚಾಗಿ ಹಿಡಿದ ಹಣವನ್ನು ವಾಪಸ್ ಕೇಳುವುದು ಸರ್ಕಾರದ ನೆರವು ಪಡೆದಂತೆ ಅಲ್ಲ. ಗಮನ ಬೇಕಾದದ್ದು ಬೇರೆಡೆ: ವಿಳಾಸ. ರಿಟರ್ನ್‌ನಲ್ಲಿ ಪೆನ್ಸಿಲ್ವೇನಿಯಾ, ಡ್ರೈವಿಂಗ್ ಲೈಸೆನ್ಸ್ ಇನ್ನೂ ನ್ಯೂಜೆರ್ಸಿಯದು ಎಂದಾದರೆ ಪರಿಶೀಲನೆ ಮಾಡುವ ಅಧಿಕಾರಿಗೆ ಸಂಶಯ ಬರುವುದು ಸಹಜ. ಮನೆ ಬದಲಿಸಿದ 10 ದಿನದೊಳಗೆ ಎಆರ್-11 ಮೂಲಕ ವಲಸೆ ಇಲಾಖೆಗೆ ತಿಳಿಸಬೇಕಿತ್ತು, ಮಾಡಿಲ್ಲದಿದ್ದರೆ ಈಗಲಾದರೂ ಮಾಡಿ. ಬಾಡಿಗೆ ಕರಾರು, ಕರೆಂಟ್ ಬಿಲ್, ಪೆನ್ಸಿಲ್ವೇನಿಯಾ ಲೈಸೆನ್ಸ್, ಡಿಸೆಂಬರ್‌ನ ಕೊನೆಯ ಪೇ-ಸ್ಲಿಪ್, ಸಲ್ಲಿಸಿದ ಪಿಎ-40ರ ಪ್ರತಿ, ಇಷ್ಟನ್ನು ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ನ್ಯೂಜೆರ್ಸಿಯಿಂದ ಪತ್ರ ಬಂದರೆ ಇವೇ ಉತ್ತರ.

ರಾಜ್ಯದ ರಿಫಂಡ್‌ಗೆ ಮುಂದಿನ ವರ್ಷ ಫೆಡರಲ್ ತೆರಿಗೆ ಬೀಳುತ್ತದೆ ಎಂಬ ಮಾತನ್ನೂ ಕೇಳಿರುತ್ತೀರಿ. 2025ಕ್ಕೆ ಸ್ಟಾಂಡರ್ಡ್ ಡಿಡಕ್ಷನ್ (ಎಲ್ಲರಿಗೂ ಸಿಗುವ ನಿಗದಿತ ಕಡಿತ) ತೆಗೆದುಕೊಂಡಿದ್ದರೆ ಬೀಳುವುದಿಲ್ಲ. ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸಿ, ರಾಜ್ಯ ತೆರಿಗೆಯನ್ನೂ ಅದರಲ್ಲಿ ಸೇರಿಸಿ ಲಾಭ ಪಡೆದಿದ್ದರೆ ಮಾತ್ರ, ಆ ಲಾಭದ ಮಟ್ಟಿಗೆ ರಿಫಂಡ್ ಆದಾಯವಾಗುತ್ತದೆ. ರಿಫಂಡ್ ಮೊತ್ತ ತಿಳಿಸುವ 1099-ಜಿ ನಮೂನೆಯನ್ನು ನ್ಯೂಜೆರ್ಸಿ ಅಂಚೆಯಲ್ಲಿ ಕಳಿಸುವುದಿಲ್ಲ, ಅವರ ತಾಣದಲ್ಲೇ ನೋಡಿಕೊಳ್ಳಬೇಕು.

2024ರ ರಿಟರ್ನನ್ನೂ ಒಮ್ಮೆ ತೆಗೆದು ನೋಡಿ. ಡಿಸೆಂಬರ್ ಒಂದು ತಿಂಗಳು ನೀವು ಪೆನ್ಸಿಲ್ವೇನಿಯಾದಲ್ಲಿದ್ದಿರಿ. ಆ ವರ್ಷ ಪೂರ್ತಿ ನ್ಯೂಜೆರ್ಸಿ ನಿವಾಸಿ ಎಂದು ಹಾಕಿದ್ದರೆ ತಿದ್ದಬೇಕು. ನವೆಂಬರ್ ಮುಗಿಯುವವರೆಗೆ ಭಾಗಶಃ ವರ್ಷದ ನಿವಾಸಿ ರಿಟರ್ನ್ ಎನ್‌ಜೆ-1040, ಡಿಸೆಂಬರ್‌ನ ಕಡಿತ ಬಿಡಿಸಿಕೊಳ್ಳಲು ಎನ್‌ಜೆ-1040ಎನ್‌ಆರ್, ಜೊತೆಗೆ ಡಿಸೆಂಬರ್‌ಗೆ ಪಿಎ-40 ಮತ್ತು ಸ್ಥಳೀಯ ರಿಟರ್ನ್. ಸಂಬಳ ಮತ್ತು ಕಡಿತವನ್ನು ಹಂಚಲು ನವೆಂಬರ್ ಕೊನೆಯ ಪೇ-ಸ್ಲಿಪ್‌ನ ಆವರೆಗಿನ ಒಟ್ಟು ಮೊತ್ತವೇ ಆಧಾರ. ಒಂದೇ ವರ್ಷಕ್ಕೆ ನ್ಯೂಜೆರ್ಸಿಯ ಎರಡೂ ರಿಟರ್ನ್‌ಗಳನ್ನು ಇ-ಫೈಲ್ ಮಾಡಲು ಸಾಫ್ಟ್‌ವೇರ್ ಬಿಡದಿದ್ದರೆ ಒಂದನ್ನು ಕಾಗದದಲ್ಲಿ ಕಳಿಸಬೇಕು. ಇದಕ್ಕೆ ಸಿಪಿಎ (ಲೆಕ್ಕಪರಿಶೋಧಕರು) ಸಹಾಯ ಪಡೆದರೆ ತಪ್ಪಿಲ್ಲ. 2025ರದಕ್ಕೆ ಅದರ ಅಗತ್ಯ ಕಾಣುವುದಿಲ್ಲ.

ಇದನ್ನು ಓದುವ ಬೇರೆಯವರಿಗೆ ಎರಡು ಮಾತು. ನ್ಯೂಜೆರ್ಸಿಯಲ್ಲಿ ಇದ್ದು ನ್ಯೂಯಾರ್ಕ್‌ನಲ್ಲಿ ದುಡಿಯುವವರಿಗೆ ಮೇಲಿನ ಯಾವುದೂ ಅನ್ವಯಿಸದು. ಅಲ್ಲಿ ಒಪ್ಪಂದವಿಲ್ಲ. ನ್ಯೂಯಾರ್ಕ್‌ನ ಅನಿವಾಸಿ ರಿಟರ್ನ್ ಐಟಿ-203 ಸಲ್ಲಿಸಿ, ನ್ಯೂಜೆರ್ಸಿಯಲ್ಲಿ ಕ್ರೆಡಿಟ್ ಪಡೆಯುವುದೇ ಸರಿಯಾದ ದಾರಿ. ಎಫ್-1 ವೀಸಾದಲ್ಲಿದ್ದು ಫೆಡರಲ್ ಅನಿವಾಸಿ ರಿಟರ್ನ್ 1040-ಎನ್‌ಆರ್ ಹಾಕಬೇಕಾದ ವಿದ್ಯಾರ್ಥಿಗಳಿಗೆ ಟರ್ಬೊಟ್ಯಾಕ್ಸ್ ಆಗುವುದಿಲ್ಲ, ಅದರಲ್ಲಿ ಆ ನಮೂನೆಯೇ ಇಲ್ಲ. ಸ್ಪ್ರಿಂಟ್ಯಾಕ್ಸ್‌ನಂಥದ್ದು ಬೇಕು. ವರ್ಷದ ನಡುವೆ ಊರಿಗೆ ಮರಳುವವರು ರಿಫಂಡ್ ಬಂದು ಬೀಳುವ ತನಕ ಇಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ.

ಈ ವಾರವೇ ಎನ್‌ಜೆ-165 ತುಂಬಿ ಪೇರೋಲ್‌ಗೆ ಕೊಡಿ, ಪೆನ್ಸಿಲ್ವೇನಿಯಾ ಮತ್ತು ಸ್ಥಳೀಯ ತೆರಿಗೆಯನ್ನು ಸಂಬಳದಲ್ಲೇ ಹಿಡಿಯುತ್ತೀರಾ ಎಂದು ಲಿಖಿತವಾಗಿ ಕೇಳಿ. ಒಪ್ಪಿದರೆ ಮುಂದಿನ ಪೇ-ಸ್ಲಿಪ್‌ನಲ್ಲಿ ನ್ಯೂಜೆರ್ಸಿ ಆದಾಯ ತೆರಿಗೆಯ ಸಾಲು ನಿಂತು ಪೆನ್ಸಿಲ್ವೇನಿಯಾದ ಸಾಲು ಬಂತೇ ಎಂದು ನೋಡಿ. ಒಪ್ಪದಿದ್ದರೆ 2026ರ ಆದಾಯಕ್ಕೆ ರಾಜ್ಯಕ್ಕೆ ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15 ಮತ್ತು ಮುಂದಿನ ಜನವರಿ 15ಕ್ಕೆ ಮುಂಗಡ ಕಂತುಗಳನ್ನು ನೀವೇ ಕಟ್ಟಬೇಕು. ಟೌನ್‌ಶಿಪ್‌ನ ಕಂತುಗಳ ದಿನಗಳನ್ನು ಅಲ್ಲಿನ ಸಂಗ್ರಹ ಸಂಸ್ಥೆಯಲ್ಲಿ ಕೇಳಿಕೊಳ್ಳಿ. ಇದೇ ಸಂಬಳ ಮುಂದುವರಿದರೆ ರಾಜ್ಯಕ್ಕೆ ಪ್ರತಿ ಕಂತು ಸುಮಾರು 821 ಡಾಲರ್, ಟೌನ್‌ಶಿಪ್‌ಗೆ ಸುಮಾರು 268.